ಕಪಾಟಿನ ನಾಲ್ಕು ಶೀಲ್ಡು

ಏಪ್ರಿಲ್ ತಿಂಗಳಲ್ಲಿ ಅಮೋನಿಯದ ಬಾಟಲಿಯನ್ನು ತಂದ ಕೂಡಲೇ ತೆರೆಯಬಾರದು. ತಣ್ಣೀರಿನ ಬಕೆಟ್ಟಿನಲ್ಲಿ ಅರ್ಧ ತಾಸು ಇಟ್ಟು, ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿ ನಿಧಾನವಾಗಿ ಸಡಿಲಿಸಬೇಕು. ಧಾರವಾಡದ ಬಿಸಿಲಿಗೆ ಒಳಗೆ ಅನಿಲ ಒತ್ತಿಕೊಂಡಿರುತ್ತದೆ. ಅವಸರ ಮಾಡಿದರೆ ಚಿಮ್ಮುತ್ತದೆ. ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ನಾಲ್ಕು ವರ್ಷದ ಹಿಂದೆ ಪ್ರಾಯೋಗಿಕ ಪರೀಕ್ಷೆಯ ದಿನ, ಹೊರಗಿನ ಪರೀಕ್ಷಕರು ಬಂದು ಕೂತಿದ್ದಾರೆ, ಲಗೂನ ತೆಗೆಯಿರಿ ಎಂದು ಯಾರೋ ಒಳಗಿನಿಂದ ಕೂಗಿದರು. ಅಟೆಂಡರ್ ಮಕಬೂಲಸಾಬ ತೆಗೆದರು. ಅವರ ಎಡಗಣ್ಣು ಹೋಯಿತು.

ಕೂಗಿದವರು ಯಾರೆಂಬುದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಎರಡು ತಿಂಗಳ ನಂತರ ಅವರು ಮತ್ತೆ ಕೆಲಸಕ್ಕೆ ಬಂದರು. ಅದೇ ಪ್ರಯೋಗಾಲಯ, ಅದೇ ಬಾಟಲಿಗಳು. ರಕ್ಷಣೆಗೆಂದು ಒಂದು ಅಗ್ಗದ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಅದನ್ನು ಕಾಲೇಜು ಕೊಟ್ಟಿರಲಿಲ್ಲ, ಅವರ ಮಗಳು ಹುಬ್ಬಳ್ಳಿಯ ಸಂತೆಯಲ್ಲಿ ಕೊಂಡು ತಂದಿದ್ದಳು. ಅಂದಿನಿಂದ ನನಗೊಂದು ಚಟ ಹತ್ತಿತು. ಮಕ್ಕಳಿಗೆ ಪ್ರಯೋಗ ಹೇಳಿಕೊಡುತ್ತಲೇ ಮಕಬೂಲ ಚಾಚಾನ ಕೈಯಲ್ಲಿ ಏನಿದೆ, ಮುಖ ಎತ್ತ ಕಡೆ ಇದೆ ಎಂದು ನೋಡುವುದು. ಅವರು ಯಾವುದಾದರೂ ಮುಚ್ಚಳಕ್ಕೆ ಕೈ ಹಾಕಿದರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಆ ಉಳಿದ ಒಂದು ಕಣ್ಣಿಗೆ ಏನಾದರೂ ಆದರೆ ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ.

ನಾನು ಅಲ್ಲಿ ಆರು ವರ್ಷ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದವಳು. ಹೋದ ವರ್ಷವಷ್ಟೇ ಹುದ್ದೆಗೆ ತೆಗೆದುಕೊಂಡು, ಕಾಯಂ ಮಾಡುವ ಮೊದಲು ನೋಡೋಣವೆಂದು ಒಂದು ವರ್ಷದ ಗಡುವು ಹಾಕಿದ್ದರು. ನೋಡಬೇಕಾದವರು ವಿಭಾಗದ ಮುಖ್ಯಸ್ಥರಾದ ಗುರುಪಾದ ಸರ್. ಅವರ ಮನೆತನಕ್ಕೆ ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರ ಕಡೆಯವರು ಇದ್ದರು. ನನ್ನ ತಂದೆ ಅರ್ಜುನಪ್ಪ ಕನ್ನಡ ಸಾಲಿಯ ಮಾಸ್ತರರಾಗಿ ನಿವೃತ್ತರಾದವರು. ನಮ್ಮ ಮನೆಯ ಪಡಸಾಲೆಯಲ್ಲಿ ಇರುವುದು ಬುದ್ಧನ ಒಂದೇ ಪಟ. ನಮ್ಮಂಥವರು ಬಾಯಿ ತೆರೆಯುವ ಮೊದಲು ಎರಡು ಸಲ ಯೋಚಿಸಬೇಕು, ಬರೆಯುವ ಮೊದಲು ನಾಲ್ಕು ಸಲ ಎಂದು ಅಪ್ಪ ಕಲಿಸಿದ್ದರು. ನಾನು ಅದನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತಿದ್ದೆ.

ಆಗಸ್ಟಿನಲ್ಲಿ ಗುರುಪಾದ ಸರ್ ನನ್ನನ್ನು ಕರೆದರು.

"ಪ್ರಭಾವತಿ ಮೇಡಂ, ದೀಪಾವಳಿ ಸುಮಾರ ತಪಾಸಣಿ ಟೀಮ್ ಬರ್ತದ. ಲ್ಯಾಬಿನ್ಯಾಗ ಸೇಫ್ಟಿ ಸಾಮಾನು ಎಲ್ಲಿ ಅಂತ ಕೇಳ್ತಾರ. ಮಾರಿಗೆ ಹಾಕ್ಕೊಳ್ಳೂ ಶೀಲ್ಡ ನೀವ ಆರಿಸಿ ತರ್ರಿ. ನಿಮ್ಮ ಬರವಣಿಗಿ ಛಲೋ ಅದ, ಟಿಪ್ಪಣಿನೂ ನೀವ ಬರೀರಿ."

"ಎಷ್ಟು ತರಬೇಕ್ರಿ ಸರ? ಹನ್ನೆರಡಾದ್ರೂ..."

"ನಾಲ್ಕ ಸಾಕು. ಕಪಾಟಿನ್ಯಾಗ ಸಾಲಾಗಿ ಇಟ್ರ ನಾಲ್ಕ ಚಂದ ಕಾಣ್ತಾವ."

ನಾನು ಮಕಬೂಲ ಚಾಚಾನನ್ನು ಜೊತೆಗೆ ಕರೆದುಕೊಂಡು ಲಕಮನಹಳ್ಳಿಗೆ ಹೋದೆ. ಅಲ್ಲಿಯ ಕಾರ್ಖಾನೆಗಳಿಗೆ ಹೆಲ್ಮೆಟ್ಟು, ಕೈಗವಸು, ಗಮ್‌ಬೂಟು ಮಾರುವ ಬಸಣ್ಣನ ಅಂಗಡಿ ಒಂದು ತಗಡಿನ ಶೆಡ್ಡು. ಒಳಗೆಲ್ಲ ರಬ್ಬರಿನ ವಾಸನೆ. ಕಾಲೇಜಿನವರು ಎಂದ ಕೂಡಲೇ ಬಸಣ್ಣ ಅಟ್ಟದ ಮೇಲಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಇಳಿಸಿದ.

"ಕೊರೊನಾದಾಗಿನ ಮಾಲ್ ಐತ್ರಿ ಮೇಡಂ. ಹಗುರ ಐತಿ, ಹುಡುಗೂರಿಗೆ ಭಾರ ಆಗಂಗಿಲ್ಲ."

ಒಂದು ಶೀಲ್ಡು ತೆಗೆದು, ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದೆ. ಸೀರೆಯ ಡಬ್ಬಿಯ ಮೇಲಿನ ಹಾಳೆಯಂತೆ ಚರಚರ ಎಂದಿತು.

"ಇದು ಉಗುಳ ತಡೀತದ್ರಿ, ಆ್ಯಸಿಡ್ ತಡಿಯಂಗಿಲ್ಲ."

"ಕಾಲೇಜಿನ್ಯಾಗ ಉಗುಳ ತಡದ್ರ ಅರ್ಧ ಕೆಲಸ ಆತಲ್ರಿ," ಎಂದು ಬಸಣ್ಣ ನಕ್ಕ. ಚಾಚಾನೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಒಂದು ಖಾಲಿ ಬಾಟಲಿ ತಂದಿದ್ದೆ. ಅದರ ಚೀಟಿಯ ಕೆಳಗೆ ಸಣ್ಣ ಅಂಕಿಗಳಿದ್ದವು. ಅದನ್ನು ಎದುರಿನ ಹಲಗೆಯ ಮೇಲಿಟ್ಟು, ಒಂದೊಂದು ಶೀಲ್ಡನ್ನೂ ಚಾಚಾನಿಗೆ ಹಾಕಿಸಿ ಅಂಕಿ ಓದಿಸಿದೆ. ಕೊರೊನಾದ ಶೀಲ್ಡಿನೊಳಗಿಂದ ಅವರು ಮೂರನ್ನು ಎಂಟು ಎಂದರು. ಗ್ರೈಂಡಿಂಗ್ ಮಾಡುವವರ ಶೀಲ್ಡಿನಲ್ಲಿ ಅಂಕಿ ಸರಿಯಾಗಿಯೇ ಕಂಡಿತು, ಆದರೆ ಗದ್ದದ ಕೆಳಗೆ ಬಯಲು. ಬಾಟಲಿ ಇರುವುದು ಕೆಳಗೆ, ಚಿಮ್ಮುವುದು ಮೇಲಕ್ಕೆ. ಕೊನೆಗೆ ಬಸಣ್ಣ ಒಳಗಿನಿಂದ ಇನ್ನೊಂದು ತಂದ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪ ಹಾಳೆ, ಗಂಟಲಿನವರೆಗೆ ಬರುವ ಗದ್ದದ ಪಟ್ಟಿ, ತಲೆಯ ಹಿಂದೆ ಬಿಗಿ ಮಾಡಲು ಒಂದು ತಿರುಪು. ಚಾಚಾ ಟೊಪ್ಪಿಗೆಯ ಮೇಲೆಯೇ ಅದನ್ನು ಕೂರಿಸಿಕೊಂಡರು. ಆರು ಅಂಕಿಗಳನ್ನೂ ತಪ್ಪಿಲ್ಲದೆ ಓದಿದರು.

"ಗದ್ದದ ತನಕ ಮನಿ ಕಟ್ಟ್ಯಾರ್ರಿ ಮೇಡಂ ಇದರಾಗ," ಎಂದರು.

"ಚಾಚಾ, ಮಾರಿ ಮ್ಯಾಲೆ ಹೂವಿನ ಸೆಹರಾ ಕಟ್ಟಿದ ಮದಿವಿ ಗಂಡಿನಂಗ ಕಾಣಾಕತ್ತೀರಿ ನೋಡ್ರಿ," ಎಂದ ಬಸಣ್ಣ. "ಹೆಣ್ಣ ನೋಡೂಣೇನು?"

"ಎರಡ ಕಣ್ಣ ಇದ್ದಾಗ ನೋಡಿ ಮಾಡಿಕೊಂಡದ್ದು ಸಾಕೋ ಮಾರಾಯಾ."

ಅಂದು ನಾನೂ ನಕ್ಕೆ. ಬಹಳ ದಿನಗಳ ಮೇಲೆ ಆ ಭಯ ಸ್ವಲ್ಪ ಸರಿದಂತಾಗಿತ್ತು.

ಅಂಥವೇ ನಾಲ್ಕು ಕೊಂಡು ಮರಳಿ ಬರುವಾಗ ಆಟೋದಲ್ಲಿ ಚಾಚಾ ಡಬ್ಬಿಯೊಳಗಿನ ಒಂದು ತೆಳು ಕಾಗದ ತೆಗೆದು ಮಡಿಕೆ ಬಿಚ್ಚಿದರು. ಪೂರ್ತಿ ಇಂಗ್ಲಿಷು, ಇರುವೆಯಂಥ ಅಕ್ಷರ. ಮೂವತ್ತು ವರ್ಷದ ರೂಢಿಯಿಂದ ಬಾಟಲಿಗಳ ಮೇಲಿನ ಹೆಸರುಗಳನ್ನು ಅವರು ಗುರುತು ಹಿಡಿಯುತ್ತಿದ್ದರು. ಇಂಗ್ಲಿಷಿನ ಸಾಲು ಓದಲು ಬರುತ್ತಿರಲಿಲ್ಲ.

"ಇದರಾಗ ಏನ ಬರದಾರ್ರಿ ಮೇಡಂ?"

"ಕಂಪನಿಯವ್ರು ಎಲ್ಲಾದಕ್ಕೂ ಒಂದೊಂದು ಬರೀತಾರ್ರಿ ಚಾಚಾ. ಫೈಲಿನ್ಯಾಗ ಹಾಕ್ತೇನಿ. ಆಮ್ಯಾಲೆ ಕೂತು ಹೇಳ್ತೇನಿ."

ಕಾಗದಕ್ಕೆ ತೂತು ಹಾಕಿ ಫೈಲಿಗೆ ಸೇರಿಸಿದೆ. ಕೂತು ಹೇಳುವ ದಿನ ಬರಲಿಲ್ಲ.

ಶೀಲ್ಡುಗಳು ಗಾಜಿನ ಕಪಾಟು ಸೇರಿದವು. ಕೀಲಿಕೈ ಗುರುಪಾದ ಸರ್ ಹತ್ತಿರ. ಚಾಚಾನಿಗೆ ಒಂದನ್ನಾದರೂ ಈಗಲೇ ಕೊಡಿ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲ ಅವರು ಕಾಗದದಿಂದ ತಲೆ ಎತ್ತದೆಯೇ, "ಟೀಮ್ ಬಂದು ಹೋಗ್ಲಿ ಮೇಡಂ. ಆಮ್ಯಾಲೆ ಬೇಕಾದ್ರ ಹಾಕ್ಕೊಂಡ ಮಲಗ್ಲಿ ಅಂವಾ," ಎಂದರು. ಇದನ್ನೇ ಬರೆದು ಕೊಡಬಹುದಿತ್ತು. ಬರೆದು ಕೊಟ್ಟಿದ್ದರೆ ಉತ್ತರ ಕೊಡಲೇಬೇಕಾಗುತ್ತಿತ್ತು. ಆದರೆ ನನ್ನನ್ನು ಕಾಯಂ ಮಾಡುವ ಕಡತವೂ ಅದೇ ಕೋಣೆಯ ಮೇಜಿನ ಮೇಲಿತ್ತು. ನಾನು ಬರೆಯಲಿಲ್ಲ.

ನಮ್ಮ ವಿಭಾಗದಲ್ಲಿ ದಸರೆಯ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಜೋರು. ತಕ್ಕಡಿ, ಬ್ಯೂರೆಟ್ಟು, ಗ್ಯಾಸಿನ ಸಿಲಿಂಡರು ಎಲ್ಲವನ್ನೂ ಉದ್ದನೆಯ ಮೇಜಿನ ಮೇಲೆ ಜೋಡಿಸಿ ಪೂಜೆ ಮಾಡುತ್ತಾರೆ. ಪ್ರತಿ ವರ್ಷ ಚಂಡುಹೂವು, ಬಾಳೆಕಂದು ತರುವವರು ಮಕಬೂಲ ಚಾಚಾನೇ. ಅವರು ಇರುವ ಹುಬ್ಬಳ್ಳಿಯ ಕಮರಿಪೇಟೆಗೆ ಹೂವಿನ ಪೇಟೆ ಹತ್ತಿರ. ಮೊದಲ ಬಸ್ಸಿಗೆ ತಾಜಾ ಹೂವು ತರುತ್ತಾರೆ. ಈ ಸಲ ಗುರುಪಾದ ಸರ್ ಕಪಾಟಿನ ಕೀಲಿ ತೆಗೆಸಿದರು.

"ಶೀಲ್ಡನೂ ಇಡ್ರಿ. ಮ್ಯಾಲಿನ ಹಾಳಿ ಕೀಳ್ರಿ, ಫೋಟೊದಾಗ ಮಿಂಚಬೇಕು."

ಹೊಸ ಶೀಲ್ಡಿನ ಮೇಲೆ ಗೀರು ಬೀಳದಿರಲೆಂದು ಅಂಟಿಸಿದ್ದ ತೆಳು ಹಾಳೆಯನ್ನು ಚಾಚಾ ಉಗುರಿನಿಂದ ಹುಷಾರಾಗಿ ಬಿಡಿಸಿದರು. ಗುರುಪಾದ ಸರ್ ಒಂದೊಂದರ ಹಣೆಗೂ ಮೂರು ಬೆರಳ ವಿಭೂತಿ ಎಳೆದರು. ಅದರ ಕೆಳಗೆ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದೊಡ್ಡದಾಗಿ ಒತ್ತಿದರು. ಸರಿಯಾಗಿ ಕಣ್ಣು ಬರುವ ಜಾಗದಲ್ಲಿ. ಕುಂಕುಮ ಕೆಳಗೆ ಇಳಿಯತೊಡಗಿತು.

ನಾನು ಹಿಂದೆ ನಿಂತಿದ್ದೆ. ಇದನ್ನು ಹೇಗೆ ಒರೆಸುತ್ತಾರೆ ಎಂಬ ಯೋಚನೆ ಬಂತು. ಖರೇ ಹೇಳುತ್ತೇನೆ, ಆ ಕ್ಷಣದಲ್ಲೇ ಬಂತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಸರ್ ತಿರುಗಿ ನೋಡಿದರು.

"ಮುಂದ ಬರ್ರಿ ಪ್ರಭಾವತಿ ಮೇಡಂ. ಪೂಜಿಗೆ ನಿಂತ್ರ ನಿಮ್ಮ ಧರ್ಮೇನ್ ಕೆಡಂಗಿಲ್ಲ."

ಎಲ್ಲರೂ ನಕ್ಕರು. ಸೇರಿದ ಮೊದಲ ವರ್ಷ, ನಮ್ಮ ಮನೆಯಲ್ಲಿ ಈ ಪೂಜೆ ಇಲ್ಲ ಎಂದು ನಾನು ಹೇಳಿದ್ದನ್ನು ಅವರು ಮರೆತಿರಲಿಲ್ಲ. ಅಲ್ಲಿ ಕುಂಕುಮ ಬೇಡ ಎಂದು ಬೇರೆ ಯಾರಾದರೂ ಅಂದಿದ್ದರೆ ಅದು ಶೀಲ್ಡಿನ ಮಾತಾಗುತ್ತಿತ್ತು. ನಾನು ಅಂದರೆ ಬೇರೆಯೇ ಮಾತಾಗುತ್ತಿತ್ತು. ಮುಂದೆ ಹೋಗಿ ಆರತಿ ತೆಗೆದುಕೊಂಡೆ.

ರಜೆ ಮುಗಿಸಿ ನಾನು ಬಂದಾಗ ಚಾಚಾ ಆಗಲೇ ಕೆಲಸ ಮುಗಿಸಿ ಕಾಯುತ್ತಿದ್ದರು. ನಾಲ್ಕೂ ಶೀಲ್ಡು ಕಿಟಕಿಯ ಹತ್ತಿರ ಸಾಲಾಗಿ ಒಣಗುತ್ತಿದ್ದವು.

"ನೀರಿಗೆ ವಿಭೂತಿ ಹೋತ್ರಿ ಮೇಡಂ. ಕುಂಕುಮ ಮಾತ್ರ ಗುಲಾಬಿ ಆಗಿ ಕೂತಬಿಟ್ಟಿತ್ತು. ಆಮ್ಯಾಲೆ ನಿಮ್ಮ ಮಾತು ನೆನಪಾತು. ಅಸಿಟೋನ್ ಮುಂದ ಯಾವ ಕಲಿನೂ ನಿಲ್ಲಂಗಿಲ್ಲ ಅಂದಿದ್ರಲ್ಲ. ಒಂದ ಸಲ ಎಳದೆ ನೋಡ್ರಿ, ಎಲ್ಲಾ ಹೋತು!"

ನಾನು ಹೇಳಿದ್ದು ನಿಜ. ಸೇರಿದ ಹೊಸದರಲ್ಲಿ, ಹಳೆಯ ಗಾಜಿನ ಬಾಟಲಿಗಳಿಂದ ಚೀಟಿಯ ಅಂಟು ಬಿಡಿಸುವುದನ್ನು ಅವರಿಗೆ ಕಲಿಸುತ್ತ ಅದೇ ಮಾತು ಹೇಳಿದ್ದೆ. ಗಾಜಿಗೆ ಮಾತ್ರ, ಪ್ಲಾಸ್ಟಿಕ್ಕಿಗೆ ಬೇಡ ಎಂದು ಹೇಳಿರಲಿಲ್ಲ. ಆಗ ಒರೆಸಲು ಅಂಥ ಪ್ಲಾಸ್ಟಿಕ್ಕು ಇರಲೇ ಇಲ್ಲ.

ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಕುಂಕುಮ ಹೋಗಿತ್ತು. ಅದರ ಜಾಗದಲ್ಲಿ ಹಾಲು ಚೆಲ್ಲಿದಂತೆ ಬಿಳುಪು. ಅಂಚಿನಿಂದ ಕೂದಲೆಳೆಯಂಥ ಬಿರುಕುಗಳು ಒಳಗೆ ಹರಿದಿದ್ದವು. ನಾಲ್ಕೂ ಹಾಗೆಯೇ. ಕಿಟಕಿಯ ಹೊರಗಿದ್ದ ಬೇವಿನ ಮರ ಅದರೊಳಗಿಂದ ಬರೀ ಹಸಿರು ಮಸುಕಾಗಿ ಕಂಡಿತು.

"ಹಾಕ್ಕೊಂಡ ನೋಡಿದೆ," ಎಂದರು ಚಾಚಾ, ದನಿ ಇಳಿಸಿ. "ಸ್ವಲ್ಪ ಮಬ್ಬ ಕಾಣತೈತಿ. ನನ್ನ ಕಣ್ಣಿಂದೇ ಏನೋ ಅಂದುಕೊಂಡೆ."

ಫೈಲು ತೆಗೆದು ಆ ಇರುವೆಯಂಥ ಅಕ್ಷರದ ಕಾಗದ ನೋಡಿದೆ. ಆರನೆಯ ಸಾಲಿನಲ್ಲಿತ್ತು: ಸೋಪಿನ ನೀರಿನಿಂದ ಮಾತ್ರ ತೊಳೆಯಿರಿ, ಅಸಿಟೋನ್ ಮುಂತಾದವು ತಾಕಬಾರದು. ಅದನ್ನು ಓದಲು ಕಾಗದವೂ ಬೇಕಿರಲಿಲ್ಲ. ಎಂ.ಎಸ್ಸಿ. ಓದಿದವಳು ನಾನು.

ಅಷ್ಟರಲ್ಲಿ ಗುರುಪಾದ ಸರ್ ಬಂದರು. ಶೀಲ್ಡನ್ನು ನೋಡಿ ಅವರ ಮುಖ ಕೆಂಪಾಯಿತು.

"ಏನ್ ಮಾಡೀಯೋ ಇದನ್ನ ಮಕಬೂಲಾ?"

"ಕುಂಕುಮ ತಗದೇನ್ರಿ ಸರ. ಅಸಿಟೋನ್ ಹಚ್ಚಿ..."

"ಅಸಿಟೋನ್! ಇನ್ನ ಹತ್ತ ದಿವಸಕ್ಕ ಟೀಮ್ ಬರ್ತದ. ಹಚ್ಚಂತ ಯಾರ ಹೇಳಿದ್ರ ನಿನಗ?"

ಚಾಚಾ ನನ್ನ ಕಡೆ ತಿರುಗಿದರು. ಹೊಗೆ ಹೊರಹಾಕುವ ಫ್ಯಾನು ಮೇಲೆ ಕಟಕಟ ಎನ್ನುತ್ತಿತ್ತು. ಫೈಲು ನನ್ನ ಕೈಯಲ್ಲಿ ತೆರೆದೇ ಇತ್ತು, ಅದನ್ನು ಮುಚ್ಚಿದೆ. ನಾಲ್ಕು ಪದ ಸಾಕಿತ್ತು. ಸರಿಯಾದ ನಾಲ್ಕು ಪದ ಯಾವುವು, ಯಾವುದನ್ನು ಮೊದಲು ಹೇಳಬೇಕು, ಹೇಗೆ ಹೇಳಿದರೆ ಕೇಳುವವರು ಹೇಗೆ ತಿಳಿಯುತ್ತಾರೆ ಎಂದು ನಾನು ಜೋಡಿಸುತ್ತಿದ್ದೆ.

"ಯಾರೂ ಹೇಳಿಲ್ರಿ ಸರ," ಎಂದರು ಚಾಚಾ. "ನಂದ ಬುದ್ಧಿ."

ವಿಚಾರಣೆಯ ವರದಿಯನ್ನೂ ನಾನೇ ಬರೆಯಬೇಕಾಯಿತು. ನನ್ನ ಬರವಣಿಗೆ ಚೆನ್ನಾಗಿದೆಯಲ್ಲ. ಸ್ವಚ್ಛ ಮಾಡುವ ವಿಧಾನದ ಸೂಚನೆ ಸಿಬ್ಬಂದಿಗೆ ತಿಳಿಯದೆ ಇದ್ದುದರಿಂದ ಶೀಲ್ಡುಗಳು ಹಾಳಾದವು ಎಂದು ಬರೆದೆ. ಸುಳ್ಳಿನ ಒಂದಕ್ಷರ ಅದರಲ್ಲಿಲ್ಲ. ಆ ಸೂಚನೆ ಯಾರ ಫೈಲಿನಲ್ಲಿ ಎರಡು ತಿಂಗಳು ಮಲಗಿತ್ತು ಎಂಬುದೂ ಅದರಲ್ಲಿಲ್ಲ.

ಶೀಲ್ಡುಗಳು ಕಪಾಟಿಗೆ ಮರಳಿದವು. ದೂರದಿಂದ ಗಾಜಿನ ಹೊಳಪಿನಲ್ಲಿ ಮಬ್ಬು ಗೊತ್ತಾಗುತ್ತಿರಲಿಲ್ಲ. ಟೀಮು ಬಂತು, ಕಪಾಟಿನ ಮುಂದೆ ಒಂದು ಕ್ಷಣ ನಿಂತಿತು, ಒಬ್ಬರು ಚೆನ್ನಾಗಿದೆ ಎಂದರು, ಮುಂದೆ ಹೋಯಿತು. ಮರುವಾರ ಮಕಬೂಲಸಾಬರನ್ನು ಪ್ರಯೋಗಾಲಯದಿಂದ ತೆಗೆದು ಗೇಟಿಗೆ ಹಾಕಿದರು. ದೃಷ್ಟಿ ಕಡಿಮೆ ಇರುವವರನ್ನು ರಾಸಾಯನಿಕಗಳ ನಡುವೆ ಇಡುವುದು ಅಪಾಯ ಎಂದು ಆದೇಶದಲ್ಲಿತ್ತು. ಕಣ್ಣು ಹೋದಾಗಿನಿಂದ ಯಾರಿಗೂ ಹೊಳೆಯದಿದ್ದ ಅಪಾಯ ಅದು. ಮೂವತ್ತು ವರ್ಷ ಬ್ಯೂರೆಟ್ಟು ತೊಳೆದ ಕೈಗೆ ಒಂದು ಲಾಠಿ, ಒಂದು ನೋಂದಣಿ ಪುಸ್ತಕ ಬಂದವು.

ಜನವರಿಯಲ್ಲಿ ನಾನು ಕಾಯಂ ಆದೆ. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು.

ನಾನು ನನಗೇ ಒಂದು ಸಮಾಧಾನ ಮಾಡಿಕೊಂಡಿದ್ದೆ. ಏನೇ ಆಗಲಿ, ಚಾಚಾ ಈಗ ಬಾಟಲಿಗಳಿಂದ ದೂರ. ನಾನು ಕಾಯುತ್ತಿದ್ದ ಕಣ್ಣು ಉಳಿಯಿತು. ಇನ್ನೊಂದು ಸಮಾಧಾನವೂ ಇತ್ತು. ಅವರು ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದರು, ಹಿರಿಯರು, ದೊಡ್ಡ ಮನಸ್ಸು. ಆರು ತಿಂಗಳು ನಾನು ಇದನ್ನು ನಂಬಿದೆ. ಸ್ಕೂಟಿಯಲ್ಲಿ ಗೇಟು ದಾಟುವಾಗ ಮಾತ್ರ ಹೆಲ್ಮೆಟ್ಟಿನ ಗಾಜು ಎತ್ತುತ್ತಿರಲಿಲ್ಲ.

ಮತ್ತೆ ಏಪ್ರಿಲ್ ಬಂತು. ಚಾಚಾನ ಜಾಗಕ್ಕೆ ಬಂದವಳು ಭಾಗ್ಯಶ್ರೀ ಎಂಬ ಇಪ್ಪತ್ತೆರಡರ ಹುಡುಗಿ. ಪರೀಕ್ಷೆಗೆ ಅಮೋನಿಯ ಬೇಕಾಗಿತ್ತು. ಹೊಸ ಶೀಲ್ಡು ತರಿಸಲು ಬರುವುದಿಲ್ಲ. ದಾಸ್ತಾನಿನ ಪುಸ್ತಕದಲ್ಲಿ ಹಾಳಾದದ್ದನ್ನು ಬರೆದಿರಲಿಲ್ಲ, ಅದರ ಪ್ರಕಾರ ಕಪಾಟಿನಲ್ಲಿ ನಾಲ್ಕಿವೆ. ನಾನು ಬಸಣ್ಣನ ಅಂಗಡಿಯಿಂದ ಸ್ವಂತಕ್ಕೆ ಒಂದು ತಂದೆ. "ಮದಿವಿ ಗಂಡ ಹೆಂಗದಾನ್ರಿ?" ಎಂದು ಅವನು ಕೇಳಿದ. ಆರಾಮದಾರ ಎಂದೆ. ಅಸಿಟೋನ್ ತಾಕಿಸಬಾರದೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆ. ಬಾಟಲಿ ಬಕೆಟ್ಟಿನಲ್ಲಿದ್ದ ಅರ್ಧ ತಾಸೂ ಅಲ್ಲೇ ನಿಂತಿದ್ದೆ. ಭಾಗ್ಯಶ್ರೀ ಶೀಲ್ಡನ್ನು ಮುಖಕ್ಕೆ ಇಳಿಸಿಕೊಂಡು ಮುಚ್ಚಳ ಸಡಿಲಿಸಿದಳು. ಸುಯ್ಯೆಂದು ಅನಿಲ ಹೋಯಿತು, ಅಷ್ಟೇ.

"ಇಷ್ಟಕ್ಕ ಇಷ್ಟ್ಯಾಕ ಹೆದರ್ತೀರಿ ಮೇಡಂ?" ಎಂದು ಅವಳು ನಕ್ಕಳು. ಅಷ್ಟು ಸುಲಭವಿತ್ತು ಅದು.

ಅಂದು ಸಂಜೆ ಗೇಟಿನ ಹತ್ತಿರ ಸ್ಕೂಟಿ ನಿಲ್ಲಿಸಿದೆ. ಎದುರಿಗೆ ರಸ್ತೆ ಅಗೆದಿದ್ದರು, ಇಡೀ ದಿನ ಧೂಳು. ಚಾಚಾ ಕಪ್ಪು ಕನ್ನಡಕ ಹಾಕಿದ್ದರು. ಅದರ ಕೆಳಗಿಂದ ಬಲಗಣ್ಣಿನ ನೀರು ಕೆನ್ನೆಗೆ ಇಳಿದಿತ್ತು.

"ಕಣ್ಣಿಗೆ ಏನಾತ್ರಿ ಚಾಚಾ?"

"ಧೂಳಾ ರೀ. ಎರಡ ತಿಂಗಳಾತು. ಹನಿ ಬಿಟಗೋತೇನಿ, ಮತ್ತ ಇಲ್ಲೇ ಬಂದ ನಿಂದ್ರತೇನಿ."

ಜೋಡಿಸಿಟ್ಟುಕೊಂಡಿದ್ದ ಮಾತು ಆಡಿದೆ.

"ಅವತ್ತು ಅಸಿಟೋನ್ ನಾನ ಕಲಿಸಿದ್ದು ಅಂತ ಸರ್‌ಗೆ ಹೇಳ್ತೇನ್ರಿ. ಬರದು ಕೊಡ್ತೇನಿ. ನಿಮ್ಮನ್ನ ಮತ್ತ ಲ್ಯಾಬಿಗೆ..."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕಣ್ಣು ಕೆಂಪಾಗಿತ್ತು.

"ಕಾಯಂ ಆತಂತಲ್ರಿ ಮೇಡಂ ನಿಮ್ಮದು?"

"ಹೂಂ. ಆತ್ರಿ."

"ಛಲೋ ಆತು." ಕನ್ನಡಕ ಮತ್ತೆ ಹಾಕಿಕೊಂಡರು. "ಈಗ ಬರದ ಏನ್ ಮಾಡ್ತೀರಿ? ಅವತ್ತ ಸರ ಕೇಳಿದಾಗ ನಾ ನಿಮ್ಮ ಮಾರಿ ನೋಡಿದ್ದೆ. ಭಾಳ ಹೊತ್ತ ನೋಡಿದ್ದೆ."

ಹಿಂದೆ ಕಾರೊಂದು ಹಾರ್ನ್ ಹೊಡೆಯಿತು. ಚಾಚಾ ಪಕ್ಕಕ್ಕೆ ಸರಿದು, ಬಗ್ಗಿ ನನ್ನ ಸ್ಕೂಟಿಯ ಮುಂಭಾಗ ನೋಡಿದರು.

"ಗಾಡಿಗೆ ಪಾಸ್ ಹಚ್ಚಿಲ್ರಿ ನೀವು. ನಾಳಿಂದ ಹಚ್ಚಿಕೊಂಡ ಬರ್ರಿ. ಇಲ್ಲಾಂದ್ರ ಒಳಗ ಬಿಡಾಕ ಬರಂಗಿಲ್ಲ."